ಮತದಾರರ ಪಟ್ಟಿಯ ರಕ್ಷಕ ಬಾಬಾಸಾಹೇಬ ಅಂಬೇಡಕರರು

ಘಾಟ್ಕೋಪರಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಡಾ. ಭೀಮರಾವ್ ಅಂಬೇಡಕರರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಇಲ್ಲಿಯ ರಮಾಬಾಯಿ ನಗರವು ಅವರ ಧರ್ಮಪತ್ನಿಯ ಹೆಸರನ್ನೇ ಹೊತ್ತಿದೆ. ಆದರೆ ಪರಪ್ರಾಂತದಲ್ಲಿ ಅನ್ನ ಸಂಪಾದಿಸುವವರ ಮತದ ಹಕ್ಕಿಗಾಗಿ ಆ ಮಹನೀಯರು ಮಾಡಿದ ಒಂದು ಕಾರ್ಯವನ್ನು ಬಲ್ಲವರು ಸ್ವಲ್ಪ ಮಂದಿ.

1891ರ ಎಪ್ರಿಲ್ 14ರಂದು ಮಹೂವಿನಲ್ಲಿ ಸೈನಿಕನೊಬ್ಬನ ಮಗನಾಗಿ ಜನಿಸಿದ ಅವರು, ಮುಂಬಯಿಯ ಪರಳದ ಚಾಳಿನ ಒಂದೇ ಕೋಣೆಯಲ್ಲಿ ಓದಿ, 1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಪದವೀಧರರಾದರು. ನ್ಯೂಯಾರ್ಕ್, ಲಂಡನ್ ನಗರಗಳ ವಿದ್ಯಾರ್ಜನೆಯ ಕಥೆ ಎಲ್ಲರಿಗೂ ತಿಳಿದುದೇ. ಅಂದು ಮತ ನೀಡಲು ಆಸ್ತಿ ಬೇಕು, ತೆರಿಗೆ ಕಟ್ಟಿರಬೇಕು, ಇಲ್ಲವೇ ವಿದ್ಯೆಯ ಅರ್ಹತೆ ಬೇಕು; ಹೋಟೆಲಿನಲ್ಲಿ ಲೋಟ ತೊಳೆಯುವವನಿಗೆ ಮತವೆಲ್ಲಿಯದು? 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಈ ಅರ್ಹತೆಯನ್ನು ತಗ್ಗಿಸಬೇಕೆಂದು ವಾದಿಸಿದ ಅವರು, ಸೈಮನ್ ಆಯೋಗದ ಕಾಲಕ್ಕೆ ವಯಸ್ಕರೆಲ್ಲರಿಗೂ ಮತ ಬೇಕೆಂದು ಕೇಳಿದರು.

1947ರ ಆಗಸ್ಟಿನಲ್ಲಿ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷತೆ ಅವರ ಹೆಗಲಿಗೆ ಬಂತು. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರೆಂಬುದು ನಮಗೆ ಅಭಿಮಾನದ ಸಂಗತಿ. 1948ರ ಕರಡಿನಲ್ಲಿ ಸಂಸತ್ತಿನ ಚುನಾವಣೆಗೊಂದು ಆಯೋಗ, ಪ್ರಾಂತಗಳ ಶಾಸನಸಭೆಗಳಿಗೆ ಆಯಾ ಪ್ರಾಂತದಲ್ಲಿಯೇ ಬೇರೆ ಬೇರೆ ಆಯೋಗವೆಂದಿತ್ತು. ಆದರೆ ಮತದಾರರ ಪಟ್ಟಿ ಬರೆಯುವ ಕೆಲಸ ನಡೆದಿದ್ದಾಗಲೇ ದೂರುಗಳು ಬಂದವು: ಕೆಲವು ಪ್ರಾಂತಗಳಲ್ಲಿ, ಬಹುಸಂಖ್ಯಾತರ ಕುಲಕ್ಕೆ, ಸಂಸ್ಕೃತಿಗೆ, ಭಾಷೆಗೆ ಸೇರದವರ ಹೆಸರನ್ನು ಕೈಬಿಡಲು ಸರಕಾರಗಳೇ ಸೂಚಿಸುತ್ತಿವೆ ಎಂದು.

1949ರ ಜೂನ್ 15ರಂದು ಅಂಬೇಡಕರರು ಈ ಕಾರಣವನ್ನೇ ಸಭೆಯ ಮುಂದಿಟ್ಟು, ಪ್ರಾಂತಗಳ ಚುನಾವಣೆಯನ್ನೂ ಒಂದೇ ಕೇಂದ್ರ ಆಯೋಗದ ಕೈಗೆ ಒಪ್ಪಿಸುವ ತಿದ್ದುಪಡಿ ತಂದರು. ವಿರೋಧವೇನು ಸಣ್ಣದಿರಲಿಲ್ಲ. ಇದು ಪ್ರಾಂತಗಳ ಮೇಲಿನ ಅವಿಶ್ವಾಸವೆಂದು ಅಸ್ಸಾಮಿನ ಕುಲಧರ ಚಾಲಿಹಾ ಮುನಿದರು. ಹೃದಯನಾಥ ಕುಂಜ್ರೂ ಅವರ ಆಕ್ಷೇಪ ತೂಕದ್ದಾಗಿತ್ತು: ಆಯುಕ್ತರ ನೇಮಕವು ಕೇಂದ್ರ ಸರಕಾರದ ಇಚ್ಛೆಗೆ ಬಿದ್ದರೆ ಗತಿಯೇನು? ಅಯೋಗ್ಯನು ಆ ಸ್ಥಾನಕ್ಕೇರುವುದನ್ನು ತಡೆಯುವ ಏರ್ಪಾಡು ತಮ್ಮ ವಿಧಿಯಲ್ಲಿಲ್ಲವೆಂದು ಅಂಬೇಡಕರರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆ ಕೊರತೆಯ ಚರ್ಚೆ ಇಂದಿಗೂ ತೀರಿಲ್ಲ. ಆದರೂ ಪಟ್ಟಿಯು ಸ್ಥಳೀಯ ಅಧಿಕಾರಸ್ಥರ ಮರ್ಜಿಗೆ ಬಿಡಲ್ಪಡಲಿಲ್ಲವೆಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ತಿದ್ದುಪಡಿ ಅಂಗೀಕಾರವಾಗಿ 324ನೆಯ ವಿಧಿಯಾಯಿತು. ಧರ್ಮ, ಕುಲ, ಜಾತಿ, ಲಿಂಗಗಳ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ಹೊರಗಿಡಬಾರದೆಂಬುದು 325ನೆಯದು. 1950ರ ಕಾಯಿದೆಯ ಪ್ರಕಾರ, ಊರಿನಲ್ಲಿ ಮನೆಯಿದ್ದ ಮಾತ್ರಕ್ಕೆ ಒಬ್ಬನು ಅಲ್ಲಿಯ ನಿವಾಸಿಯಾಗುವುದಿಲ್ಲ. ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಅವನ ಹೆಸರಿರಬೇಕು, ಎರಡು ಕಡೆ ಇರಕೂಡದು. ಕುಂದಾಪುರದಲ್ಲಿ ಮನೆ, ಘಾಟ್ಕೋಪರಿನಲ್ಲಿ ಗಲ್ಲಾಪೆಟ್ಟಿಗೆ ಇರುವವರು ಇದನ್ನು ಗಮನಿಸಬೇಕು.

ಆಯೋಗವು 1950ರ ಜನವರಿ 25ರಂದು ಅಸ್ತಿತ್ವಕ್ಕೆ ಬಂತು. ಸುಮಾರು 17 ಕೋಟಿ ಮತದಾರರ ಮೊದಲ ಮಹಾಚುನಾವಣೆಯಲ್ಲಿ ಉತ್ತರ ಮುಂಬಯಿಯಿಂದ ನಿಂತ ಅಂಬೇಡಕರರೇ, ನಾರಾಯಣ ಕಾಜ್ರೋಳ್ಕರರೆದುರು 14,000ಕ್ಕೂ ಹೆಚ್ಚು ಮತಗಳಿಂದ ಸೋತರು. ಅದೇ 1952ರಲ್ಲಿ ರಾಜ್ಯಸಭೆಗೆ ಹೋದರು. 1954ರಲ್ಲಿ ಭಂಡಾರದ ಉಪಚುನಾವಣೆಗೆ ನಿಂತು ಮತ್ತೆ ಸೋತರು. 1956ರ ದಶಂಬರ 6ರಂದು ದಿಲ್ಲಿಯಲ್ಲಿ ಕಾಲವಾದ ಅವರ ಪಾರ್ಥಿವ ಶರೀರವನ್ನು ಮುಂಬಯಿಗೆ ತಂದು, ಮರುದಿನ ದಾದರಿನ ಕಡಲತೀರದಲ್ಲಿ ದಹನ ಮಾಡಲಾಯಿತು.