ಎಂ. ಕೃಷ್ಣನ್: ಸಂಡೂರಿನ ವರ್ಷಗಳು ಮತ್ತು ಆನಂತರ

ಕನ್ನಡ ನಾಡಿನ ಸಂಡೂರಿಗೂ ತಮಿಳು ಮನೆತನದ ಮಾಧವಯ್ಯ ಕೃಷ್ಣನ್ ಅವರಿಗೂ ಇದ್ದ ಏಳು ವರ್ಷಗಳ ನಂಟು ನಮ್ಮ ವಿದ್ವದ್ವಲಯದಲ್ಲಿ ತಕ್ಕಷ್ಟು ಚರ್ಚೆಗೆ ಬಂದಂತಿಲ್ಲ. ಚಿತ್ರಕಾರ, ಲೇಖಕ, ವನ್ಯಜೀವಿ ಛಾಯಾಗ್ರಾಹಕ ಎಂಬ ಅವರ ಮೂರು ಮುಖಗಳನ್ನು ಅರಿಯಬೇಕಾದರೆ ಈ ನಂಟನ್ನು ಕಡೆಗಣಿಸುವಂತಿಲ್ಲ.

ಕೃಷ್ಣನ್ 1912ರಲ್ಲಿ ತಿರುನೆಲ್ವೇಲಿಯಲ್ಲಿ ಜನಿಸಿದರು. ಎಂಟು ಮಕ್ಕಳಲ್ಲಿ ಕೊನೆಯವರು. ತಂದೆ ಅ. ಮಾಧವಯ್ಯ ತಮಿಳಿನ ಆರಂಭಕಾಲದ ಕಾದಂಬರಿಕಾರರು. ಪದವಿ ತರಗತಿಗಳಲ್ಲಿ ತಮಿಳು ಕಡ್ಡಾಯವಾಗಬೇಕೆಂದು 1925ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಸೆನೆಟ್ ಸಭೆಯಲ್ಲಿ ವಾದಿಸಿ ಕುಳಿತವರು ಅಲ್ಲಿಯೇ ಕೊನೆಯುಸಿರೆಳೆದರು. ಆಗ ಮಗನಿಗೆ ಹದಿಮೂರು ವರ್ಷ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಫೈಸನ್ ಅವರ ಜೊತೆ ನೀಲಗಿರಿ, ಕೊಡೈಕೆನಾಲ್ ಬೆಟ್ಟಗಳನ್ನು ಸುತ್ತಿದ ಕೃಷ್ಣನ್, ಅವರ ಪತ್ನಿಯಿಂದ ಜಲವರ್ಣ ಚಿತ್ರಣವನ್ನು ಕಲಿತರು. ಸ್ನಾತಕೋತ್ತರ ಪದವಿಯೂ ಕಾನೂನು ಪದವಿಯೂ ಕೈಸೇರಿದವು, ನೆಲೆಯಾದ ಉದ್ಯೋಗ ಮಾತ್ರ ಸೇರಲಿಲ್ಲ. ಮುದ್ರಣಾಲಯ, ಕಲಾಶಾಲೆ, ಆಕಾಶವಾಣಿ ಎಂದು ಕೆಲಕಾಲ ಅಲೆದಾಡಿದರು.

1942ರಲ್ಲಿ ಸಂಡೂರು ಸಂಸ್ಥಾನದ ಕರೆ ಬಂದಿತು. ಅಲ್ಲಿ ಅವರು ಉಪಾಧ್ಯಾಯರಾದರು, ನ್ಯಾಯಾಧೀಶರಾದರು, ಪ್ರಚಾರಾಧಿಕಾರಿಯಾದರು, ಅರಸರಿಗೆ ರಾಜಕೀಯ ಕಾರ್ಯದರ್ಶಿಯೂ ಆದರು. ಒಬ್ಬನೇ ಮನುಷ್ಯ ಇಷ್ಟೆಲ್ಲ ಆಗುವುದು ಅಂತಹ ಪುಟ್ಟ ಸಂಸ್ಥಾನದಲ್ಲಿ ಮಾತ್ರ ಸಾಧ್ಯವಿತ್ತೇನೋ! ಹುದ್ದೆಗಳು ಅನೇಕವಾದರೂ ಬಿಡುವು ಧಾರಾಳವಾಗಿತ್ತು. ಆ ಬಿಡುವಿನಲ್ಲಿ ಅವರು ಕುರಿ ಮೇಯಿಸಿದರು, ಅಂಚೆ ಒಯ್ಯುವ ಪಾರಿವಾಳಗಳನ್ನು ಸಾಕಿದರು, ಗುಡ್ಡಗಾಡುಗಳಲ್ಲಿ ಒಂಟಿಯಾಗಿ ತಿರುಗಿದರು, ಬರೆದರು. ಕುರಿಗಳ ಹಿಂದೆ ನಡೆದ ನ್ಯಾಯಾಧೀಶರನ್ನು ಊರಿನವರು ಹುಚ್ಚನೆಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ಅವರ ಬರಹದ ಸೂಕ್ಷ್ಮ ಅವಲೋಕನ ಬಲಿತದ್ದು ಈ ಅಲೆದಾಟದಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಅದೇ ಅರಮನೆಯಲ್ಲಿ ಆಗ ಬಾಲಕರಾಗಿದ್ದ ಎಂ. ವೈ. ಘೋರ್ಪಡೆಯವರು ಮುಂದೆ ಕರ್ನಾಟಕದ ಅರ್ಥಸಚಿವರಾದಂತೆಯೇ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಆದರು.

1949ರಲ್ಲಿ ಸಂಸ್ಥಾನ ವಿಲೀನಗೊಂಡಿತು. ಕೃಷ್ಣನ್ ಮದರಾಸಿಗೆ ಮರಳಿ ಮೈಲಾಪುರದಲ್ಲಿ ನೆಲೆಸಿದರು. ಆಮೇಲೆ ಸಂಬಳದ ನೌಕರಿಯ ಹಂಗಿಗೆ ಬೀಳದೆ ಲೇಖನಿ ಮತ್ತು ಕ್ಯಾಮೆರಾಗಳನ್ನೇ ನಂಬಿ ಬದುಕಿದರು. ಸಂಸಾರಸ್ಥನೊಬ್ಬನಿಗೆ ಇದು ಕಾಡಾನೆಯ ಎದುರು ನಿಲ್ಲುವುದಕ್ಕಿಂತ ಕಡಿಮೆ ಸಾಹಸವಲ್ಲ. 1950ರಲ್ಲಿ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಅವರ ನಿಸರ್ಗ ಅಂಕಣ ಪ್ರಾರಂಭವಾಯಿತು.

ಅವರ ಕ್ಯಾಮೆರಾ ಒಂದು ದಂತಕಥೆ. ಒಂದು ತಯಾರಿಕೆಯ ಒಡಲಿಗೆ ಇನ್ನೊಂದರ ಮಸೂರ ಜೋಡಿಸಿ, ಉಳಿದ ಭಾಗಗಳನ್ನು ತಾವೇ ಹೊಂದಿಸಿ ಮಾಡಿದ ಆ ಭಾರೀ ಯಂತ್ರಕ್ಕೆ ‘ಸೂಪರ್ ಪಾಂಡೆರೋಸಾ’ ಎಂದು ಹೆಸರಿಟ್ಟಿದ್ದರು. ಅದನ್ನು ಮೊದಲು ಕಂಡಾಗ ವನ್ಯಜೀವಿ ತಜ್ಞ ಇ. ಪಿ. ಜೀ ಬೆರಗಾದರು. ವರ್ಣಫಿಲ್ಮನ್ನು ಕೃಷ್ಣನ್ ಒಲ್ಲರು. ಕಪ್ಪು ಬಿಳುಪಿನಲ್ಲಿಯೇ ಆನೆಯ ಚರ್ಮದ ಸುಕ್ಕುಗಳನ್ನು ಹಿಡಿದರು.

1968ರಲ್ಲಿ ದೊರೆತ ನೆಹರೂ ಫೆಲೋಶಿಪ್ ದಕ್ಷಿಣ ಭಾರತದ ಸಸ್ತನಿಗಳ ಅಧ್ಯಯನಕ್ಕೆ ನೆರವಾಯಿತು. ಪದ್ಮಶ್ರೀಯೂ ಬಂದಿತು. ಗೌರವಗಳು ಅವರ ನಾಲಗೆಯನ್ನು ಮೆತ್ತಗಾಗಿಸಲಿಲ್ಲ. ಹೊರನಾಡಿನ ಮರಗಳನ್ನು ಇಲ್ಲಿ ನೆಡುವುದನ್ನು ಅವರು ಕಟುವಾಗಿ ವಿರೋಧಿಸಿದರು. ಒಂದು ದೇಶದ ನಿಜವಾದ ಗುರುತು ಅದರ ನೆಲ, ಸಸ್ಯ, ಪ್ರಾಣಿಗಳಲ್ಲಿದೆ ಎಂಬುದು ಅವರ ನಿಲುವು. ಭಾಷೆ ಸಂಸ್ಕೃತಿಗಳನ್ನೇ ನಾಡಿನ ಗುರುತೆಂದು ಬಗೆಯುವ ನಮ್ಮಂತಹ ಸಾಹಿತ್ಯದ ವಿದ್ಯಾರ್ಥಿಗಳಿಗೆ, ಭಾಷೆಗಾಗಿ ವಾದಿಸುತ್ತಲೇ ಮಡಿದವರ ಮಗನಿಂದ ಬಂದ ಈ ಮಾತು ತುಸು ಇರಿಸುಮುರಿಸು ಉಂಟುಮಾಡದಿರದು.

1996ರ ಫೆಬ್ರವರಿ 18ರಂದು ಅವರು ತೀರಿಕೊಂಡರು. ನಲವತ್ತಾರು ವರ್ಷ ನಡೆದ ಅಂಕಣ ಅಲ್ಲಿಯವರೆಗೂ ನಿಂತಿರಲಿಲ್ಲ.