ವಿಲಿಯಂ ಮಾರಿಸ್

ಕಲೆ ಎಂದೊಡನೆ ಚಿತ್ರವೋ ಶಿಲ್ಪವೋ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ದಿನವೂ ಬಳಸುವ ಕುರ್ಚಿ, ಮೇಜು, ಪರದೆ, ಹಾಸುಗಳನ್ನು ನಾವು ಕಲೆಯೆಂದು ಎಣಿಸುವುದಿಲ್ಲ. ಬಳಕೆಯ ವಸ್ತುವಿಗೂ ಚೆಲುವಿಗೂ ಇರುವ ಈ ಅಂತರವನ್ನು ಅಳಿಸಲು ತನ್ನ ಬಾಳನ್ನೇ ಮುಡಿಪಾಗಿಟ್ಟವನು ಇಂಗ್ಲೆಂಡಿನ ವಿಲಿಯಂ ಮಾರಿಸ್.

ಮಾರಿಸನು 1834ರ ಮಾರ್ಚ್ 24ರಂದು ಲಂಡನ್ನಿನ ಸಮೀಪದ ವಾಲ್ತಮ್‌ಸ್ಟೋದಲ್ಲಿ ಸಿರಿವಂತ ಮನೆತನವೊಂದರಲ್ಲಿ ಜನಿಸಿದನು. ಬಾಲ್ಯದಲ್ಲಿ ಎಪ್ಪಿಂಗ್ ಅರಣ್ಯದಲ್ಲಿ ಅಲೆದಾಡಿ ಗಿಡಮರಗಳ, ಹಕ್ಕಿಗಳ ಸ್ನೇಹವನ್ನು ಬೆಳೆಸಿಕೊಂಡನು. 1853ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಪಾದ್ರಿಯಾಗಬೇಕೆಂಬುದು ಆತನ ಅಪೇಕ್ಷೆಯಾಗಿತ್ತು. ಎರಡು ವರ್ಷಗಳ ತರುವಾಯ, ಗೆಳೆಯ ಎಡ್ವರ್ಡ್ ಬರ್ನ್-ಜೋನ್ಸನೊಡನೆ ಫ್ರಾನ್ಸಿನ ಪ್ರಾಚೀನ ಇಗರ್ಜಿಗಳನ್ನು ನೋಡಿ ಬಂದ ಮೇಲೆ, ಇಬ್ಬರೂ ಕಲೆಗೆ ತಮ್ಮನ್ನು ಅರ್ಪಿಸಿಕೊಳ್ಳಲು ನಿಶ್ಚಯಿಸಿದರು.

ಅದು ಯಂತ್ರಗಳು ವಿಜೃಂಭಿಸುತ್ತಿದ್ದ ಕಾಲ. ಕಾರ್ಖಾನೆಗಳಿಂದ ಸರಕು ರಾಶಿರಾಶಿಯಾಗಿ ಹೊರಬೀಳುತ್ತಿತ್ತು. ಅದರ ಮೇಲೆ ಅರ್ಥವಿಲ್ಲದ ಅಲಂಕಾರ ಮೆತ್ತಿಕೊಂಡಿರುತ್ತಿತ್ತು. ಲಂಡನ್ನಿನಲ್ಲಿ ಗೆಳೆಯರು ಬಾಡಿಗೆಗೆ ಹಿಡಿದ ಕೋಣೆಗಳಿಗೆ ತಕ್ಕ ಪೀಠೋಪಕರಣಗಳು ಅಂಗಡಿಗಳಲ್ಲಿ ದೊರೆಯದಿರಲು, ಮಾರಿಸನು ತಾನೇ ನಕ್ಷೆ ಬರೆದು ಬಡಗಿಯಿಂದ ಮಾಡಿಸಿದನು. 1859ರಲ್ಲಿ ಮದುವೆಯಾದ ಬಳಿಕ ಫಿಲಿಪ್ ವೆಬ್ ಎಂಬ ಗೆಳೆಯನು ಆತನಿಗಾಗಿ ‘ಕೆಂಪು ಮನೆ’ಯನ್ನು ರೂಪಿಸಿದನು. ಗೆಳೆಯರೆಲ್ಲ ಕೂಡಿ ಅದರ ಗೋಡೆ, ಬೀರುಗಳಿಗೆ ಚಿತ್ರ ಬರೆದರು; ಪರದೆಗಳಿಗೆ ಕಸೂತಿ ಹಾಕಿದರು. ಈ ಸಹದುಡಿಮೆಯ ಸಂತೋಷದಿಂದಲೇ 1861ರಲ್ಲಿ ಅವರ ವ್ಯಾಪಾರಸಂಸ್ಥೆ ಹುಟ್ಟಿತು.

ಸ್ಫೂರ್ತಿಯನ್ನು ಅರಸಿ ಮಾರಿಸನು ಅರಮನೆಗಳಿಗೆ ಹೋಗಲಿಲ್ಲ. ಆತನ ಸಂಸ್ಥೆಯ ಹೆಸರುವಾಸಿಯಾದ ಸಸೆಕ್ಸ್ ಕುರ್ಚಿಗೆ ಮಾದರಿಯಾದುದು ಆ ಸೀಮೆಯ ಹಳ್ಳಿಯ ಕುರ್ಚಿ. ತೆಳುವಾಗಿ ಕಡೆದ ಕಾಲುಗಳು, ಜೊಂಡಿನಿಂದ ಹೆಣೆದ ಆಸನ. ಕೈಯಲ್ಲಿ ಎತ್ತಲು ಹಗುರ, ನೋಡಲು ಸೊಗಸು, ಬೆಲೆಯೂ ಮಿತ. ಬೆನ್ನಿನ ಒರಗನ್ನು ಹಿಂದೆ ಮುಂದೆ ಸರಿಸಬಹುದಾದ, ಮುಂದೆ ಮಾರಿಸನ ಹೆಸರಿನಿಂದಲೇ ಪ್ರಸಿದ್ಧವಾದ ಕುರ್ಚಿಯೂ ಸಸೆಕ್ಸಿನ ಮುದಿ ಬಡಗಿಯೊಬ್ಬನ ಕೈಕೆಲಸವನ್ನು ಆಧರಿಸಿದುದು. ಬಳಸುವವನ ಮೈಗೆ ಹಿತವಾಗದ ವಸ್ತು ಎಷ್ಟು ಅಲಂಕೃತವಾಗಿದ್ದರೂ ಸುಂದರವಲ್ಲವೆಂಬ ಪಾಠವನ್ನು ಈ ಕುರ್ಚಿಗಳು ಕಲಿಸಿದವು.

ನಕ್ಷೆ ಬರೆದರೆ ಸಾಲದು, ಕಸುಬನ್ನು ಕೈಯಾರೆ ಕಲಿಯಬೇಕು ಎಂಬುದು ಆತನ ನಿಲುವು. 1875ರಿಂದ ಲೀಕ್ ಎಂಬ ಊರಿನಲ್ಲಿ ಥಾಮಸ್ ವಾರ್ಡಲನ ಬಣ್ಣದ ಕಾರ್ಖಾನೆಗೆ ಹೋಗಿ, ನೀಲಿ, ಮಂಜಿಷ್ಠ ಮೊದಲಾದ ಸಸ್ಯಜನ್ಯ ಬಣ್ಣಗಳ ತೊಟ್ಟಿಯಲ್ಲಿ ತಾನೇ ಕೈ ಅದ್ದಿ ದುಡಿದನು. 1881ರಲ್ಲಿ ಮರ್ಟನ್ ಆಬಿಯಲ್ಲಿ, ನದಿಯ ದಡದಲ್ಲಿ, ಸ್ವಂತ ಕಾರ್ಯಾಗಾರವನ್ನು ತೆರೆದನು. ಕೆಲ್ಮ್‌ಸ್ಕಾಟಿನ ತನ್ನ ಹಳ್ಳಿಮನೆಯ ತೋಟದಲ್ಲಿ ಥ್ರಷ್ ಹಕ್ಕಿಗಳು ಸ್ಟ್ರಾಬೆರಿ ಹಣ್ಣನ್ನು ಕದಿಯುತ್ತಿದ್ದವು. ಆ ಕಳ್ಳರನ್ನೇ ಆತನು 1883ರಲ್ಲಿ ಬಟ್ಟೆಯ ಮೇಲೆ ಚಿತ್ತಾರವಾಗಿಸಿದನು. ಇಡೀ ಬಟ್ಟೆಯನ್ನು ನೀಲಿಯಲ್ಲಿ ಅದ್ದಿ, ಬೇಕಾದೆಡೆ ಬಣ್ಣವನ್ನು ತೆಗೆದು, ಅನಂತರ ಮರದ ಅಚ್ಚುಗಳಿಂದ ಕೆಂಪು, ಹಳದಿಗಳನ್ನು ಒತ್ತಬೇಕಾಗಿತ್ತು.

ಇಷ್ಟು ಶ್ರಮದ ವಸ್ತು ಅಗ್ಗವಾಗುವುದೆಂತು? ಎಲ್ಲರ ಮನೆಗೂ ಚೆಲುವು ಬರಲಿ ಎಂದು ಹಂಬಲಿಸಿದವನ ಬಟ್ಟೆ, ರತ್ನಗಂಬಳಿಗಳು ಹೆಚ್ಚಾಗಿ ಧನಿಕರ ಮನೆಗಳನ್ನೇ ಸೇರಿದವು. ಈ ವಿರೋಧಾಭಾಸ ಆತನನ್ನು ಬಹುವಾಗಿ ಕಾಡಿತು. ಬೆಲೆ ತಗ್ಗಿಸಲು ಕೆಲಸವನ್ನು ಕೆಡಿಸಲು ಆತನು ಒಪ್ಪಲಿಲ್ಲ. ದೋಷವಿರುವುದು ಕುಶಲಕಲೆಯಲ್ಲಲ್ಲ, ದುಡಿಯುವವನನ್ನು ಬಡತನದಲ್ಲಿಟ್ಟ ಸಮಾಜದಲ್ಲಿ ಎಂಬ ತೀರ್ಮಾನಕ್ಕೆ ಬಂದನು. 1883ರಲ್ಲಿ ಸಮಾಜವಾದಿಗಳ ಬಳಗವನ್ನು ಸೇರಿ, ಬೀದಿಬೀದಿಗಳಲ್ಲಿ ಕಾರ್ಮಿಕರ ಪರವಾಗಿ ಭಾಷಣ ಮಾಡಿದನು. ಬೇಸರದ ದುಡಿಮೆಯನ್ನು ಯಂತ್ರವೇ ಮಾಡಲಿ, ಆದರೆ ಮನುಷ್ಯನು ಯಂತ್ರದ ಆಳಾಗಬಾರದು ಎಂಬುದು ಆತನ ಆಶಯವಾಗಿತ್ತು.

1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಸ್ಥಾಪಿಸಿ ಪುಸ್ತಕವನ್ನೂ ಸುಂದರ ವಸ್ತುವಾಗಿಸಿದ ಮಾರಿಸನು, 1896ರ ಅಕ್ಟೋಬರ್ 3ರಂದು, ತನ್ನ 62ನೆಯ ವಯಸ್ಸಿನಲ್ಲಿ ನಿಧನ ಹೊಂದಿದನು. ಆತನ ಸಂಸ್ಥೆ 1940ರಲ್ಲಿ ಮುಚ್ಚಿತಾದರೂ ಆತನ ಚಿತ್ತಾರಗಳು ಇಂದಿಗೂ ಬಳಕೆಯಲ್ಲಿವೆ. ಚೆಲುವನ್ನು ಬಡವನ ಮನೆಗೂ ಮುಟ್ಟಿಸುವ ಬಗೆ ಯಾವುದೆಂಬ ಪ್ರಶ್ನೆಯನ್ನು ಆತನು ಪೂರ್ತಿಯಾಗಿ ಬಿಡಿಸಲಾರದೆ ಹೋದನು. ಆದರೆ ಹಳ್ಳಿಯ ಬಡಗಿಯೂ, ಬಣ್ಣಗಾರನೂ, ನೇಕಾರನೂ ಕಲಾವಿದರ ಸಾಲಿನಲ್ಲಿ ನಿಲ್ಲಲು ಅರ್ಹರೆಂಬುದನ್ನು ತನ್ನ ಕೈಗಳಿಂದಲೇ ಜಗತ್ತಿಗೆ ತೋರಿಸಿಕೊಟ್ಟನು.