ತಪ್ಪಿನ ಠಾವು ಕಂಡ ಹ್ಯಾಮಿಂಗ್

ರಿಚರ್ಡ್ ಹ್ಯಾಮಿಂಗ್ 1915ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಜನಿಸಿದರು. 1946ರಲ್ಲಿ ಬೆಲ್ ಪ್ರಯೋಗಶಾಲೆ ಸೇರಿದ ಈ ಗಣಿತಜ್ಞರ ಲೆಕ್ಕಗಳು ಅಲ್ಲಿನ ರಿಲೇ ಗಣಕಯಂತ್ರದಲ್ಲಿ ವಾರದ ಕೊನೆಗೆ, ಕಾಯುವವರಿಲ್ಲದೆ ನಡೆಯುತ್ತಿದ್ದವು. ಎಲ್ಲಿಯಾದರೂ ತಪ್ಪು ಕಂಡರೆ ಯಂತ್ರವು ಆ ಲೆಕ್ಕವನ್ನೇ ಕೈಬಿಡುತ್ತಿತ್ತು. ಎರಡು ವಾರ ಸೋಮವಾರ ಬಂದು ನೋಡಿದರೆ ಬರಿಗೈ! ತಪ್ಪಾಯಿತೆಂದು ಅರಿಯುವ ಯಂತ್ರ, ಎಲ್ಲಿ ಎಂಬುದನ್ನು ಏಕೆ ಅರಿಯದು? ಆ ಸಿಟ್ಟಿನ ಫಲವೇ 1950ರ ಅವರ ಲೇಖನ. ನಾಲ್ಕು ಅಂಕಿಗಳಿಗೆ ಮೂರು ಕಾವಲು ಅಂಕಿಗಳು. ಮೂರು ಪರೀಕ್ಷೆಗಳಲ್ಲಿ ಸರಿಯಾದುದಕ್ಕೆ ಸೊನ್ನೆ, ತಪ್ಪಾದುದಕ್ಕೆ ಒಂದು ಎಂದು ಬರೆದರೆ, ಆ ದ್ವಿಮಾನ ಸಂಖ್ಯೆಯೇ ಕೆಟ್ಟ ಅಂಕಿಯ ಸ್ಥಾನ. ಕಾಗದದ ಮೇಲೆ ಮಾಡಿ ನೋಡಿ ನಾನಂತೂ ಬೆರಗಾದೆ.

1968ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಅವರು 1998ರಲ್ಲಿ ತೀರಿಕೊಂಡರು. ಇಂದು ಎಷ್ಟೋ ಸರ್ವರ್‌ಗಳ ಮೆಮೊರಿ ಇದೇ ಉಪಾಯದ ಬೆಳೆದ ರೂಪದಿಂದ ಒಂಟಿ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಗಳ ದಾಖಲೆಯಿಂದಲೇ ಕೆಡುತ್ತಿರುವ ಮೆಮೊರಿಯನ್ನು ಮೊದಲೇ ಗುರುತಿಸುತ್ತಾರೆ.